‘ಬರ್ಕ್’: ಒಂದು ಇಂಗ್ಲಿಷ್ ಕ್ರಿಯಾಪದದ ಹುಟ್ಟು ಮತ್ತು ಅರ್ಥಾಂತರ

ಇಂಗ್ಲಿಷಿನ ‘ಬರ್ಕ್’ ಎಂಬ ಸಕರ್ಮಕ ಕ್ರಿಯಾಪದಕ್ಕೆ ನಿಘಂಟುಗಳು ಎರಡು ಮುಖ್ಯ ಅರ್ಥಗಳನ್ನು ಕೊಡುತ್ತವೆ. ಮೈಮೇಲೆ ಗುರುತು ಉಳಿಯದಂತೆ ಉಸಿರುಗಟ್ಟಿಸಿ ಕೊಲ್ಲುವುದು ಒಂದು. ವಿಚಾರಣೆ, ಚರ್ಚೆ, ವರದಿ ಮುಂತಾದವನ್ನು ಸದ್ದಿಲ್ಲದೆ ಅದುಮಿಬಿಡುವುದು ಇನ್ನೊಂದು. ವಾಚ್ಯಾರ್ಥ ಬಳಕೆಗೆ ಬಂದದ್ದು 1829ರಲ್ಲಿ. ಲಕ್ಷ್ಯಾರ್ಥ ಅದರ ಬೆನ್ನಿಗೇ, 1830ರ ದಶಕದಲ್ಲಿ ಕಾಣಿಸಿಕೊಂಡಿತು. ವ್ಯಕ್ತಿಯ ಅಂಕಿತನಾಮದಿಂದ ಹುಟ್ಟಿದ ಇಂಥ ಕ್ರಿಯಾಪದಗಳು ಇಂಗ್ಲಿಷಿನಲ್ಲಿ ಬೇರೆಯೂ ಇವೆ. ಕನ್ನಡಕ್ಕೂ ಬಂದಿರುವ ‘ಬಾಯ್ಕಾಟ್’ 1880ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದ್ದು. ಆದರೆ ಬಾಯ್ಕಾಟ್ ಬಹಿಷ್ಕಾರಕ್ಕೆ ಒಳಗಾದವನ ಹೆಸರು. ಬರ್ಕ್ ಕೃತ್ಯ ಎಸಗಿದವನ ಹೆಸರು.

ಐರ್ಲೆಂಡಿನ ವಿಲಿಯಂ ಬರ್ಕ್ ಯೂನಿಯನ್ ಕಾಲುವೆಯ ಕೂಲಿಕೆಲಸಕ್ಕೆಂದು ಸ್ಕಾಟ್ಲೆಂಡಿಗೆ ಬಂದವನು. ಎಡಿನ್‌ಬರೋದ ವೆಸ್ಟ್ ಪೋರ್ಟ್ ಬಡಾವಣೆಯಲ್ಲಿ ಅವನಿಗೆ ಸಿಕ್ಕ ಜೊತೆಗಾರ ವಿಲಿಯಂ ಹೇರ್ ಸಹ ಐರ್ಲೆಂಡಿನವನೇ. ಹೇರ್ ಮತ್ತು ಅವನ ಹೆಂಡತಿ ಅಲ್ಲಿ ಬಡವರಿಗೆ ಬಾಡಿಗೆ ಹಾಸಿಗೆ ಒದಗಿಸುವ ವಸತಿಗೃಹ ನಡೆಸುತ್ತಿದ್ದರು. 1827ರ ನವೆಂಬರಿನಲ್ಲಿ ಅಲ್ಲಿದ್ದ ವೃದ್ಧ ಪಿಂಚಣಿದಾರನೊಬ್ಬ ಬಾಡಿಗೆ ಬಾಕಿ ಉಳಿಸಿ ಕಾಯಿಲೆಯಿಂದ ಸತ್ತ. ಬಾಕಿ ವಸೂಲಿಗೆಂದು ಇಬ್ಬರೂ ಹೆಣವನ್ನು ಅಂಗರಚನಾಶಾಸ್ತ್ರದ ಅಧ್ಯಾಪಕ ಡಾ. ರಾಬರ್ಟ್ ನಾಕ್ಸ್ ಅವರ ಶಾಲೆಗೆ ಮಾರಿದರು. ಸಿಕ್ಕಿದ್ದು 7 ಪೌಂಡ್ 10 ಶಿಲಿಂಗ್.

ಈ ವ್ಯಾಪಾರಕ್ಕೆ ಮಾರುಕಟ್ಟೆ ಮೊದಲೇ ಇತ್ತು. ಎಡಿನ್‌ಬರೋ ಆಗ ವೈದ್ಯಶಿಕ್ಷಣಕ್ಕೆ ಹೆಸರಾದ ನಗರ. ಕಲಿಯುವವರು ಹೆಚ್ಚುತ್ತಿದ್ದರು, ಛೇದನಕ್ಕೆ ಕಾನೂನುಬದ್ಧವಾಗಿ ಸಿಗುವ ಹೆಣಗಳು ಬಹುಮಟ್ಟಿಗೆ ನೇಣಿಗೇರಿದ ಕೊಲೆಗಡುಕರಂಥವರವು ಮಾತ್ರ. ಕೊರತೆ ತುಂಬಲು ರಾತ್ರಿ ಗೋರಿ ಅಗೆದು ಹೆಣ ಕದಿಯುವ ಕಸುಬೇ ಬೆಳೆದಿತ್ತು. ಸತ್ತವರ ಕಡೆಯವರು ಗೋರಿಗೆ ಕಬ್ಬಿಣದ ಪಂಜರ ಹಾಕಿಸುತ್ತಿದ್ದರು, ಕಾವಲು ಕೂರುತ್ತಿದ್ದರು. ಬರ್ಕ್ ಮತ್ತು ಹೇರ್ ಗೋರಿ ಅಗೆದವರಲ್ಲ. 1828ರಲ್ಲಿ ಅವರು 16 ಮಂದಿಯನ್ನು ಕೊಂದು ನಾಕ್ಸ್ ಶಾಲೆಗೆ ಮಾರಿದರು. ಕೊಲೆಯಾದವರು ಹೆಚ್ಚಾಗಿ ದಿಕ್ಕಿಲ್ಲದವರು, ಕಾಣೆಯಾದರೆ ಯಾರೂ ಹುಡುಕದವರು. ವಿಧಾನ ಒಂದೇ: ಕುಡಿಸಿ ಮತ್ತೇರಿಸುವುದು, ಒಬ್ಬ ಎದೆಯ ಮೇಲೆ ಭಾರ ಬಿಟ್ಟು ಅದುಮುವುದು, ಇನ್ನೊಬ್ಬ ಮೂಗು ಬಾಯಿ ಮುಚ್ಚುವುದು. ಕತ್ತಿನ ಮೇಲೆ ಬೆರಳಿನ ಗುರುತಿಲ್ಲ, ಗಾಯವಿಲ್ಲ. ಕೊಳ್ಳುವವರು ಪ್ರಶ್ನೆ ಕೇಳುವ ಪ್ರಮೇಯವೂ ಇಲ್ಲ.

ಕ್ರಿಯಾಪದದ ಅರ್ಥವೆಲ್ಲ ಅಡಗಿರುವುದು ಈ ‘ಗುರುತಿಲ್ಲ’ದಲ್ಲಿ, ಮತ್ತು ಅದು ನ್ಯಾಯಾಲಯದಲ್ಲಿ ಒಡ್ಡಿದ ತೊಡಕಿನಲ್ಲಿ. ಕೊನೆಯ ಕೊಲೆ 1828ರ ಅಕ್ಟೋಬರ್ 31ರಂದು ನಡೆಯಿತು. ಡಾಕರ್ಟಿ ಎಂಬ ಹೆಂಗಸಿನ ಹೆಣವನ್ನು ಮನೆಯಲ್ಲಿದ್ದ ದಂಪತಿ ಕಂಡು ಪೊಲೀಸರಿಗೆ ತಿಳಿಸಿದರು. ಹೆಣವನ್ನು ಪರೀಕ್ಷಿಸಿದವರಲ್ಲಿ ನ್ಯಾಯವೈದ್ಯಶಾಸ್ತ್ರದ ಪ್ರಾಧ್ಯಾಪಕ ರಾಬರ್ಟ್ ಕ್ರಿಸ್ಟಿಸನ್ ಒಬ್ಬರು. ಅಂಥವರೂ ಇದು ಉಸಿರುಗಟ್ಟಿಸಿದ ಸಾವು ಇರಬಹುದು ಎಂದರೇ ಹೊರತು ಖಚಿತವಾಗಿ ಹೇಳಲಾಗಲಿಲ್ಲ. ವೈದ್ಯರ ಮಾತು ‘ಇರಬಹುದು’ ಎಂಬಲ್ಲಿಗೆ ನಿಂತದ್ದರಿಂದ ಸರ್ಕಾರದ ಕಡೆಯವರು ಹೇರ್‌ನನ್ನು ಮಾಫಿ ಸಾಕ್ಷಿಯಾಗಿ ಮಾಡಿಕೊಂಡರು. ಡಿಸೆಂಬರ್ 24ರಂದು ಆರಂಭವಾದ ವಿಚಾರಣೆ ಮರುದಿನ ಕ್ರಿಸ್‌ಮಸ್ ಬೆಳಿಗ್ಗೆಗೆ ಮುಗಿಯಿತು. ಬರ್ಕ್ ಅಪರಾಧಿಯೆಂದು ತೀರ್ಪಾಯಿತು. ಹೇರ್ ಶಿಕ್ಷೆಯಿಲ್ಲದೆ ಹೊರಬಂದ. ಪಾಲು ಸಮಸಮವಾಗಿದ್ದರೂ ಭಾಷೆಯಲ್ಲಿ ಒಬ್ಬನ ಹೆಸರಷ್ಟೇ ಉಳಿದದ್ದು ಬಹುಶಃ ಇದರಿಂದಲೇ. ಹೇರ್ ಎಂದರೆ ಇಂಗ್ಲಿಷಿನಲ್ಲಿ ಮೊಲ ಎಂದೂ ಆಗುತ್ತದೆ. ಆ ಹೆಸರಿಗೆ ಹೊಸ ಅರ್ಥ ಅಂಟುವುದು ಹೇಗೂ ಕಷ್ಟವಿತ್ತು.

1829ರ ಜನವರಿ 28ರಂದು ಬರ್ಕ್‌ನನ್ನು ಎಡಿನ್‌ಬರೋದ ಲಾನ್‌ಮಾರ್ಕೆಟಿನಲ್ಲಿ ಸಾವಿರಾರು ಜನರೆದುರು ನೇಣಿಗೇರಿಸಲಾಯಿತು. ಹಗ್ಗ ಬೇಡ, ಅವನನ್ನು ಬರ್ಕ್ ಮಾಡಿ ಎಂದು ಗುಂಪು ಕೂಗಿತೆಂಬುದು ಲಂಡನ್ನಿನ ‘ಟೈಮ್ಸ್’ ಪತ್ರಿಕೆಯ ಫೆಬ್ರವರಿ 2ರ ವರದಿ. ಕ್ರಿಯಾಪದದ ಮೊದಲ ದಾಖಲೆಗಳಲ್ಲಿ ಇದೂ ಒಂದು. ಅಂದರೆ ಈ ಕ್ರಿಯಾಪದಕ್ಕೆ ಸಿಕ್ಕ ಮೊದಮೊದಲ ಕರ್ಮಪದಗಳಲ್ಲಿ ಬರ್ಕ್‌ನೇ ಒಬ್ಬ. ಅವನ ಹೆಣವನ್ನು ತೀರ್ಪಿನಂತೆ ವಿಶ್ವವಿದ್ಯಾಲಯದಲ್ಲಿ ಬಹಿರಂಗವಾಗಿ ಛೇದಿಸಲಾಯಿತು. ಅಸ್ಥಿಪಂಜರ ಇಂದಿಗೂ ಅಲ್ಲಿನ ಅಂಗರಚನಾ ಸಂಗ್ರಹಾಲಯದಲ್ಲಿದೆ.

ಹುಟ್ಟುವಾಗಲೇ ಪದದಲ್ಲಿ ಎರಡು ಎಳೆಗಳು ಹೆಣೆದುಕೊಂಡಿದ್ದವು: ಕೊಂದ ರೀತಿ ಮತ್ತು ಕೊಂದ ಉದ್ದೇಶ. ಇವು ಬೇರೆಬೇರೆ ಎಂಬುದು 1831ರಲ್ಲಿ ಲಂಡನ್ನಿನಲ್ಲಿ ಗೋಚರವಾಯಿತು. ಜಾನ್ ಬಿಷಪ್ ಮತ್ತು ಥಾಮಸ್ ವಿಲಿಯಮ್ಸ್ ಎಂಬವರು ಹುಡುಗನೊಬ್ಬನ ಹೆಣವನ್ನು ಕಿಂಗ್ಸ್ ಕಾಲೇಜಿಗೆ ಮಾರಲು ಹೋಗಿ ಸಿಕ್ಕಿಬಿದ್ದು ಡಿಸೆಂಬರಿನಲ್ಲಿ ನೇಣಿಗೇರಿದರು. ಅವರು ಕೊಲ್ಲುತ್ತಿದ್ದುದು ಅಫೀಮು ಬೆರೆಸಿದ ಮದ್ಯ ಕುಡಿಸಿ, ಬಾವಿಯಲ್ಲಿ ತಲೆಕೆಳಗಾಗಿ ಇಳಿಬಿಟ್ಟು. ರೀತಿ ಬೇರೆಯಾದರೂ ಜನ ಅವರನ್ನು ಲಂಡನ್ನಿನ ‘ಬರ್ಕರ್’ಗಳೆಂದೇ ಕರೆದರು. ಹೆಣ ಮಾರಲೆಂದು ಮಾಡಿದ ಯಾವ ಕೊಲೆಯೂ ಆಗ ‘ಬರ್ಕಿಂಗ್’ ಎನಿಸಿಕೊಳ್ಳಬಹುದಿತ್ತು.

1832ರ ಅಂಗರಚನಾ ಕಾಯಿದೆ ಈ ಎರಡನೆಯ ಎಳೆಯನ್ನು ಕತ್ತರಿಸಿತು. ಬಡವರ ವಸತಿಶಾಲೆಗಳಲ್ಲಿ, ಆಸ್ಪತ್ರೆಗಳಲ್ಲಿ ಸತ್ತ ವಾರಸುದಾರರಿಲ್ಲದವರ ದೇಹಗಳನ್ನು ವೈದ್ಯಶಾಲೆಗಳಿಗೆ ಕೊಡಲು ಅದು ಅವಕಾಶ ಮಾಡಿದ್ದರಿಂದ ಹೆಣದ ಕಳ್ಳಸಂತೆ ಕ್ರಮೇಣ ಮುಚ್ಚಿತು. ಬಡವರ ಪಾಲಿಗೆ ಇದು ನ್ಯಾಯವೇ ಎಂಬ ತಕರಾರು ಆಗಲೇ ಎದ್ದಿತ್ತು, ಅದರಲ್ಲಿ ಹುರುಳೂ ಇತ್ತು. ಕರ್ನಾಟಕದಲ್ಲಿ ಜಾರಿಯಲ್ಲಿರುವ 1957ರ ಅಂಗರಚನಾ ಕಾಯಿದೆ ಇದೇ ಪರಂಪರೆಯದು. ಭಯ ಮಾತ್ರ ಕಾಯಿದೆಯಿಂದ ಕೂಡಲೇ ಅಳಿಯಲಿಲ್ಲ. ಡಿಕನ್ಸ್ 1836–37ರಲ್ಲಿ ಬರೆದ ‘ಪಿಕ್‌ವಿಕ್ ಪೇಪರ್ಸ್’ನಲ್ಲಿ ಕಾಣೆಯಾದವನ ಸುದ್ದಿ ಬಂದಾಗ ಪಿಕ್‌ವಿಕ್‌ಗೆ ಮೊದಲು ಬರುವ ಗುಮಾನಿ ಅವನನ್ನು ಯಾರಾದರೂ ‘ಬರ್ಕ್’ ಮಾಡಿರಬಹುದೇ ಎಂಬುದು. ಪದಕ್ಕೆ ವಿವರಣೆ ಬೇಕಾಗಿಲ್ಲ. ಓದುಗರಿಗೆ ಅದು ಗೊತ್ತೇ ಇತ್ತು.

ಅಷ್ಟರಲ್ಲಿ ರಾಜಕೀಯದ ಮಾತು ಪದವನ್ನು ತನ್ನದಾಗಿಸಿಕೊಂಡಿತ್ತು. ಲಕ್ಷ್ಯಾರ್ಥದಲ್ಲಿ ಕೊಲೆಯೂ ಇಲ್ಲ, ಹೆಣವೂ ಇಲ್ಲ. ಗುರುತು ಬಿಡದೆ ಉಸಿರು ನಿಲ್ಲಿಸುವ ಗುಣವಷ್ಟೇ ದಾಟಿ ಬಂದಿದೆ. ಕರ್ಮಪದವಾಗಿ ಬರುವುವು ಪ್ರಶ್ನೆ, ತನಿಖೆ, ಚರ್ಚೆ, ವರದಿ. ನಿಷೇಧ ಬಹಿರಂಗ ಆಜ್ಞೆ; ಸೆನ್ಸಾರ್ ಕತ್ತರಿಸಿದ ಕಡೆ ಖಾಲಿ ಜಾಗ ಉಳಿಯುತ್ತದೆ. ಬರ್ಕ್ ಮಾಡಿದ್ದರಲ್ಲಿ ಅಂಥದೇನೂ ಕಾಣದು. ಸಮಿತಿಯ ವರದಿ ಕಾರ್ಯಸೂಚಿಗೆ ಬರುವುದೇ ಇಲ್ಲ, ಗೊತ್ತುವಳಿಗೆ ಸಮಯ ಸಿಗುವುದೇ ಇಲ್ಲ, ತಡೆದವರು ಯಾರೆಂದು ಬೊಟ್ಟು ಮಾಡಲೂ ಆಗುವುದಿಲ್ಲ. ಕನ್ನಡದ ‘ಮುಚ್ಚಿಹಾಕು’ ಇದಕ್ಕೆ ಹತ್ತಿರದ್ದು. ಮುಂದೆ ‘ಎದುರಿಸಬೇಕಾದ ಪ್ರಶ್ನೆಯಿಂದ ನುಣುಚಿಕೊಳ್ಳು’ ಎಂಬ ಛಾಯೆಯೂ ಸೇರಿಕೊಂಡಿತು. ಇಲ್ಲಿ ಅದುಮುವವನು ಅಧಿಕಾರಸ್ಥನೇ ಆಗಬೇಕಿಲ್ಲ. ತನಗೆ ತೊಡಕಾದ ವಾದವನ್ನು ಬಿಟ್ಟು ಮುಂದೆ ಸಾಗುವ ಲೇಖಕನೂ ಆಗಬಹುದು. ಬಳಕೆ ಸವೆದಂತೆ ಕಾಗುಣಿತವೂ ಬದಲಾಯಿತು: ಮೊದಲು ಹೆಸರಿನಂತೆ ದೊಡ್ಡಕ್ಷರದಲ್ಲಿ ಅಚ್ಚಾಗುತ್ತಿದ್ದದ್ದು ಸಣ್ಣಕ್ಷರಕ್ಕಿಳಿಯಿತು. ಬ್ರಿಟಿಷ್ ಆಡುಮಾತಿನಲ್ಲಿ ದಡ್ಡನಿಗೆ ಹೇಳುವ, ಇದೇ ಉಚ್ಚಾರಣೆಯ ಬೈಗುಳಕ್ಕೆ ವಿಲಿಯಂ ಬರ್ಕ್‌ನ ಸಂಬಂಧವಿಲ್ಲ. ಅದರ ಮೂಲ ಲಂಡನ್ನಿನ ಪ್ರಾಸಬದ್ಧ ಗ್ರಾಮ್ಯ.

ವಾಚ್ಯಾರ್ಥ ಬದುಕಿರುವುದು ನ್ಯಾಯವೈದ್ಯಶಾಸ್ತ್ರದಲ್ಲಿ. ಮೂಗು ಬಾಯಿ ಮುಚ್ಚುವುದು ಮತ್ತು ಎದೆ ಅದುಮುವುದು ಎರಡೂ ಕೂಡಿದ ಕೊಲೆಗೆ ‘ಬರ್ಕಿಂಗ್’ ಪಾರಿಭಾಷಿಕ ಪದ. ಕೆ. ಎಸ್. ನಾರಾಯಣ ರೆಡ್ಡಿ ಅವರ ಪಠ್ಯದಂಥ ಪುಸ್ತಕಗಳ ಮೂಲಕ ಭಾರತದ ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳು ಇದನ್ನು ಓದುತ್ತಾರೆ. ಇಲ್ಲಿ ಉಳಿದಿರುವುದು ರೀತಿಯ ಎಳೆ ಮಾತ್ರ. ಉದ್ದೇಶ ಏನಿತ್ತೆಂಬುದು ಶವಪರೀಕ್ಷಕರಿಗೆ ಮುಖ್ಯವಲ್ಲ. ಸಾಮಾನ್ಯ ಇಂಗ್ಲಿಷಿನಲ್ಲಾದರೋ ಕ್ರಿಯಾಪದ ಈಗ ಹಳೆಯ ಕಾಲದ ಸಂಸದೀಯ ಭಾಷಣಗಳಲ್ಲಿ, ಅವುಗಳ ಧಾಟಿಯಲ್ಲಿ ಬರೆಯುವವರ ಸಂಪಾದಕೀಯಗಳಲ್ಲಿ ಅಪರೂಪಕ್ಕೆ ಸಿಗುತ್ತದೆ.