ಕ್ಯಾಥರೀನಳ ಜಾಡು ಹಿಡಿದು

ಚೆನ್ನೈಗೆ ಬಂದು ಇಪ್ಪತ್ತು ವರ್ಷ ಕಳೆದರೂ ಸೇಂಟ್ ಜಾರ್ಜ್ ಕೋಟೆಯೊಳಗೆ ನಾನು ಕಾಲಿಟ್ಟದ್ದು ಮೂರು ವರ್ಷದ ಹಿಂದೆ, ಅದೂ ಮಗಳ ಶಾಲೆಯ ಪ್ರಾಜೆಕ್ಟಿನ ನೆಪದಲ್ಲಿ. ಮದರಾಸಿನಲ್ಲಿ ನೆಲೆಸಿದ ಮೊದಲ ಇಂಗ್ಲಿಷ್ ಕುಟುಂಬಗಳ ಬಗ್ಗೆ ಅವಳು ಬರೆಯಬೇಕಿತ್ತು. ಅಲ್ಲಿನ ಸೇಂಟ್ ಮೇರಿ ಚರ್ಚಿನ ಅಂಗಳದಲ್ಲಿ ಸಮಾಧಿ ಕಲ್ಲುಗಳನ್ನು ಹಾಸುಗಲ್ಲಿನಂತೆ ನೆಲಕ್ಕೆ ಹಾಸಿದ್ದಾರೆ. ಮಗಳು ಗಕ್ಕನೆ ನಿಂತು, "ಅಮ್ಮಾ, ನಾವು ಇವರ ಮೇಲೇ ನಡೀತಿದ್ದೀವಾ?" ಎಂದಳು. ನಾನೂ ಹಾಗೆಯೇ ತಿಳಿದು ಸರಸರನೆ ಪಕ್ಕಕ್ಕೆ ಸರಿದೆ.

ಹಾಗಲ್ಲ ಎಂದು ತಿಳಿಸಿಕೊಟ್ಟದ್ದು ಒಂದು ಹಳೆಯ ಪುಸ್ತಕ. ಹೆನ್ರಿ ಡೇವಿಸನ್ ಲವ್ ಎಂಬುವರ 'ವೆಸ್ಟಿಜಸ್ ಆಫ್ ಓಲ್ಡ್ ಮದ್ರಾಸ್' 1913ರಲ್ಲಿ ಪ್ರಕಟವಾಯಿತು. ಈಸ್ಟ್ ಇಂಡಿಯಾ ಕಂಪನಿಯ ದಿನಚರಿ, ಪತ್ರ, ನಡಾವಳಿಗಳನ್ನು ಜಾಲಾಡಿ 1640ರಿಂದ 1800ರವರೆಗಿನ ಊರಿನ ಕಥೆಯನ್ನು ಅವರು ಕಟ್ಟಿಕೊಟ್ಟಿದ್ದಾರೆ. ಈಗ ಅಂತರ್ಜಾಲದಲ್ಲಿ ಉಚಿತವಾಗಿಯೇ ಸಿಗುತ್ತದೆ. ಹಳೆಯ ಸ್ಮಶಾನ ಇದ್ದದ್ದು ಕೋಟೆಯ ಹೊರಗೆ, ಇಂದಿನ ಹೈಕೋರ್ಟ್ ಆವರಣದ ಕಡೆ. 1758-59ರಲ್ಲಿ ಫ್ರೆಂಚರ ಲಾಲಿ ಕೋಟೆಗೆ ಮುತ್ತಿಗೆ ಹಾಕಿದಾಗ ಅವನ ಸೈನಿಕರಿಗೆ ಆ ಗೋರಿಗಳೇ ಮರೆಯಾದವು. ಇನ್ನೊಮ್ಮೆ ಹಾಗಾಗಬಾರದೆಂದು ಇಂಗ್ಲಿಷರು ಗೋರಿಗಳನ್ನು ಕೆಡವಿ, ಕಲ್ಲುಗಳನ್ನು ಮಾತ್ರ ಚರ್ಚಿನ ಸುತ್ತ ತಂದು ಹಾಸಿದರು. ಕಲ್ಲು ಇರುವಲ್ಲಿ ದೇಹವಿಲ್ಲ. ಹಳೆಯ ಕುಟುಂಬಗಳನ್ನು ಹುಡುಕಲು ಹೊರಟವಳಿಗೆ ಇದೇ ಮೊದಲ ಪಾಠ: ಕಣ್ಣಿಗೆ ಕಂಡದ್ದನ್ನು ಊರಿನ ಚರಿತ್ರೆಯ ಜೊತೆ ಇಟ್ಟು ಓದಬೇಕು.

ಆಗ ಕೆಡವದೆ ಉಳಿಸಿದ ಗೋರಿಗಳಲ್ಲಿ ಒಂದು ಹಳೆಯ ಲಾ ಕಾಲೇಜಿನ ಬಳಿ ಇಂದಿಗೂ ಎತ್ತರದ ಮೊನಚು ಗೋಪುರದಂತೆ ನಿಂತಿದೆ. ಅದರಲ್ಲಿ ಇಬ್ಬರಿದ್ದಾರೆ. ಒಬ್ಬ ಕಂಪನಿಯ ಅಧಿಕಾರಿ ಜೋಸೆಫ್ ಹಿನ್‌ಮರ್ಸ್, 1680ರ ಮೇ ತಿಂಗಳಲ್ಲಿ ತೀರಿಕೊಂಡವನು. ಇನ್ನೊಬ್ಬ ಡೇವಿಡ್ ಯೇಲ್ ಎಂಬ ಎಳೆಯ ಮಗು. ಗೋರಿ ಒಂದು, ಮನೆತನ ಎರಡು. ಇದು ಹೇಗೆ?

ಉತ್ತರ ಸಿಕ್ಕಿದ್ದು ಚರ್ಚಿನ ಮದುವೆ ದಾಖಲೆಯಲ್ಲಿ. ಸೇಂಟ್ ಮೇರಿ ಚರ್ಚು ಪ್ರಾರ್ಥನೆಗೆ ತೆರೆದದ್ದು 1680ರ ಅಕ್ಟೋಬರ್ 28ರಂದು. ಅಲ್ಲಿ ನಡೆದ ಮೊದಲ ಮದುವೆ ಅದೇ ನವೆಂಬರ್ 4ರಂದು. ವರ ಎಲಿಹು ಯೇಲ್, ಮುಂದೆ 1687ರಲ್ಲಿ ಮದರಾಸಿನ ಗವರ್ನರ್ ಆದವನು. ವಧು ಕ್ಯಾಥರೀನ್, ಹಿನ್‌ಮರ್ಸನ ವಿಧವೆ. ಗಂಡ ಸತ್ತು ಆರು ತಿಂಗಳೂ ಆಗಿರಲಿಲ್ಲ. ಓದಿದೊಡನೆ ನನ್ನ ಬಾಯಿಂದ "ಅಯ್ಯೋ, ಇಷ್ಟು ಬೇಗ!" ಎಂದು ಬಂತು. ಆಮೇಲೆ ನಾಚಿಕೆಯಾಯಿತು. ತವರು ಸಮುದ್ರದಾಚೆ, ಹಡಗಿನಲ್ಲಿ ತಿಂಗಳುಗಟ್ಟಲೆ ದೂರ. ಜೊತೆಗೆ ಮೊದಲ ಗಂಡನ ಮಕ್ಕಳು. ಅವಳು ಇನ್ನೇನು ಮಾಡಬೇಕಿತ್ತು? ಡೇವಿಡ್ ಈ ಎರಡನೆಯ ಮದುವೆಯ ಮಗು. ಅವನನ್ನು ಅವಳ ಮೊದಲ ಗಂಡನ ಪಕ್ಕದಲ್ಲಿ ಮಲಗಿಸಿದರು. ಎರಡು ಮನೆತನಗಳನ್ನು ಕೂಡಿಸುವ ಕೊಂಡಿ ಕ್ಯಾಥರೀನ್ ಒಬ್ಬಳೇ. ಆದರೆ ಆ ಗೋರಿಯಲ್ಲಿ ಅವಳಿಲ್ಲ. ಮಗು ಹೋದ ಮರುವರ್ಷ, 1689ರಲ್ಲಿ, ಉಳಿದ ಮಕ್ಕಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೊರಟುಹೋದಳು.

ಇಲ್ಲೊಂದು ಎಚ್ಚರಿಕೆ ಹೇಳಬೇಕು. ಡೇವಿಡ್ ಸತ್ತದ್ದು ಜನವರಿಯಲ್ಲಿ. ಹಳೆಯ ಲೆಕ್ಕದಂತೆ ಅದು 1687, ನಮ್ಮ ಲೆಕ್ಕದಲ್ಲಿ 1688. ಏಕೆಂದರೆ 1752ರವರೆಗೆ ಇಂಗ್ಲಿಷರ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ, ಹೆಚ್ಚುಕಡಿಮೆ ನಮ್ಮ ಯುಗಾದಿಯ ಹೊತ್ತಿಗೆ! ಇದು ಗೊತ್ತಿಲ್ಲದೆ ಮಗಳೂ ನಾನೂ ಎರಡು ಸಂಜೆ ತಲೆ ಕೆಡಿಸಿಕೊಂಡಿದ್ದೆವು.

ಯೇಲ್ ಹುಟ್ಟಿದ್ದು ಅಮೆರಿಕದ ಬಾಸ್ಟನ್ನಿನಲ್ಲಿ, 1649ರಲ್ಲಿ. ಚಿಕ್ಕ ಮಗುವಾಗಿದ್ದಾಗಲೇ ಇಂಗ್ಲೆಂಡಿಗೆ ಹೋದವನು ಮತ್ತೆ ಅಲ್ಲಿಗೆ ಕಾಲಿಡಲಿಲ್ಲ. ಆದರೂ ನ್ಯೂ ಹೇವನ್ ಊರಿನ ಕಾಲೇಜಿಗೆ ಅವನ ಹೆಸರಿದೆ. 1718ರಲ್ಲಿ ಅವನು ಒಂಬತ್ತು ಮೂಟೆ ಸರಕು ಮತ್ತು 417 ಪುಸ್ತಕಗಳನ್ನು ದಾನ ಕಳಿಸಿದ್ದೇ ಅದಕ್ಕೆ ಕಾರಣ. ನ್ಯೂ ಹೇವನ್ನಿನ ನಂಟಾದರೂ ಎಲ್ಲಿಂದ? ಅವನ ಅಜ್ಜಿ ಆ್ಯನ್ ಯೇಲ್ ಕೂಡ ವಿಧವೆ. ಅವಳು ಮರುಮದುವೆಯಾದ ಥಿಯೋಫಿಲಸ್ ಈಟನ್ 1638ರಲ್ಲಿ ಆ ಊರನ್ನು ಕಟ್ಟಿದವರಲ್ಲಿ ಒಬ್ಬ. ಅಲ್ಲಿಯೂ ಕೊಂಡಿ ಒಬ್ಬ ವಿಧವೆಯೇ. ಆ ಕಡೆಯ ಮೊದಲ ವಲಸೆಗಾರರ ವಂಶಾವಳಿಯನ್ನು ಜೇಮ್ಸ್ ಸ್ಯಾವೇಜ್ 1860-62ರಲ್ಲಿ ನಾಲ್ಕು ಸಂಪುಟಗಳಲ್ಲಿ ತಂದರು. ಅದನ್ನು ಜೋಡಿಸಿರುವುದು ಗಂಡಸರ ಮನೆತನದ ಹೆಸರಿನ ಮೇಲೆ. ಹೆಂಗಸನ್ನು ಹುಡುಕಬೇಕೆಂದರೆ ತಂದೆಯ ಹೆಸರಿನ ಕೆಳಗೆ ನೋಡಿ, ಆಮೇಲೆ ಒಬ್ಬೊಬ್ಬ ಗಂಡನ ಹೆಸರಿನ ಕೆಳಗೂ ನೋಡಬೇಕು. ಅಷ್ಟು ಹುಡುಕಿದರೆ ಸಿಗುತ್ತಾಳೆ.

ಎಷ್ಟು ಹುಡುಕಿದರೂ ಸಿಗದವರೂ ಇದ್ದಾರೆ. ಯೇಲ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಸುಮಾರು 1719ರ ಒಂದು ವರ್ಣಚಿತ್ರವಿದೆ. ಎಲಿಹು ಯೇಲ್ ನೆಂಟರೊಡನೆ ಮೇಜಿನ ಮುಂದೆ ಕುಳಿತಿದ್ದಾನೆ. ಪಕ್ಕದಲ್ಲಿ ಸೇವೆಗೆ ನಿಂತ ಗುಲಾಮ ಹುಡುಗ, ಕೊರಳಲ್ಲಿ ಬೀಗ ಹಾಕಿದ ಲೋಹದ ಪಟ್ಟಿ. ಅವನ ಹೆಸರು ಯಾರಿಗೂ ಗೊತ್ತಿಲ್ಲ. "ಇವನ ಹೆಸರಿನ ಜಾಗ ಖಾಲಿ ಬಿಡ್ತೀನಿ" ಎಂದು ಮಗಳು ಪ್ರಾಜೆಕ್ಟಿನಲ್ಲಿ ಒಂದು ಗೆರೆ ಎಳೆದಳು.

ಆ ಗೆರೆ ನನ್ನನ್ನು ಚುಚ್ಚಿತು. ನಮ್ಮ ಮನೆಯ ವಂಶವೃಕ್ಷದಲ್ಲಿ ಏಳು ತಲೆಮಾರಿನ ಗಂಡಸರಿದ್ದಾರೆ. ಹೆಂಗಸರ ಜಾಗದಲ್ಲಿ ಗೆರೆ ಕೂಡ ಇಲ್ಲ. ನನ್ನ ಅಜ್ಜಿಗೆ ಮದುವೆಯ ದಿನ ತಟ್ಟೆಯ ಅಕ್ಕಿಯ ಮೇಲೆ ಹೊಸ ಹೆಸರು ಬರೆದಿದ್ದರಂತೆ. ಹಳೆಯ ಹೆಸರು ಏನಿತ್ತೋ, ಅಪ್ಪನಿಗೂ ತಿಳಿಯದು. ಧಾರವಾಡದಲ್ಲಿರುವ ಸೋದರತ್ತೆಗೆ ಫೋನ್ ಮಾಡಿದೆ. ಆಗ ಅವರಿಗೆ ಎಂಬತ್ತೊಂಬತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ತವರುಮನ್ಯಾಗ ಭಾಗೀರಥಿ ಅಂತ ಕರೀತಿದ್ರು ನೋಡವಾ. ಯಾರೂ ಕೇಳಿರಲಿಲ್ಲ, ಅದಕ್ಕ ನಾ ಹೇಳಿರಲಿಲ್ಲ."

ಅತ್ತೆ ಹೋದ ವರ್ಷ ತೀರಿಕೊಂಡರು. ನಾನು ಇನ್ನೊಂದು ತಿಂಗಳು, ಇನ್ನೊಂದು ಹಬ್ಬ ಎಂದು ಮುಂದೂಡಿದ್ದರೆ ಭಾಗೀರಥಿಯೂ ಅವರ ಜೊತೆಗೇ ಹೋಗಿಬಿಡುತ್ತಿದ್ದಳು. ನಮ್ಮ ವೇದಿಕೆಯ ಗೆಳತಿಯರಲ್ಲಿ ನನ್ನದೊಂದು ಕೋರಿಕೆ. ಈ ಸಲ ಊರಿಗೆ ಹೋದಾಗ ಮನೆಯ ಹಿರಿಯರನ್ನು ಕೂರಿಸಿಕೊಂಡು ಅಜ್ಜಿ, ಮುತ್ತಜ್ಜಿಯರ ತವರಿನ ಹೆಸರು ಕೇಳಿ, ತವರೂರು ಕೇಳಿ, ಬರೆದಿಡಿ. ಕ್ಯಾಥರೀನಳ ಹೆಸರು ಬರೆದಿಡಲು ಒಂದು ಚರ್ಚಿನ ಪುಸ್ತಕವಿತ್ತು. ನಮ್ಮವರಿಗೆ ನಾವೇ ಬರೆಯಬೇಕು.