ಸ್ಕಾಲರ್‌ಶಿಪ್ಪು ಅಂದ್ರ ಸಾಲ ಏನು?



ಹೋದ ವಾರ ನಮ್ಮ ಗೊರೇಬಾಳದ ಒಬ್ಬ ಅಕ್ಕ ಮಗನನ್ನ ಕರ್ಕೊಂಡು ಮನೆಗೆ ಬಂದಿದ್ದರು. ಹುಡುಗ ಪಿಯುಸಿ ಪಾಸು. ಕೈಯಾಗ ಪ್ಲಾಸ್ಟಿಕ್ ಚೀಲ, ಅದರ ತುಂಬ ಜೆರಾಕ್ಸ್. ನೀರು ಕುಡಿದು ಅಕ್ಕ ಕೇಳಿದ ಮೊದಲ ಪ್ರಶ್ನೆ: "ಯಣ್ಣಾ, ಈ ಸ್ಕಾಲರ್‌ಶಿಪ್ಪು ಅಂದ್ರ ಸಾಲ ಏನು? ಮುಂದ ತೀರಿಸಬೇಕೇನು?"

ಮಗ ನಾಚಿಕೊಂಡ. ನನಗೆ ನಗು ಬರಲಿಲ್ಲ. ನಾಟಿ ಹಚ್ಚೋಕೆ, ಕಳೆ ತೆಗೆಯೋಕೆ ಹೋಗುವ ಮನೆಯಲ್ಲಿ ಯಾರಾದರೂ ದುಡ್ಡು ಕೊಟ್ಟರೆ ಅದು ಸಾಲವೇ ಆಗಿರುತ್ತೆ. ಅಕ್ಕನ ಪ್ರಶ್ನೆ ತಪ್ಪಲ್ಲ. ಅದರ ಹಿಂದೆ ನೂರು ವರ್ಷದ ಚರಿತ್ರೆ ಇದೆ.

ಮೊದಲು ನಮ್ಮ ಭಾಗದ ಮಾತು. ರಾಯಚೂರು ಜಿಲ್ಲೆ 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಉರ್ದುವಿನಲ್ಲಿ. ಕಚೇರಿಯ ಭಾಷೆಯೂ ಅದೇ. ಇವತ್ತೂ ನಾವು ಬಳಸುವ ಅರ್ಜಿ, ದಾಖಲೆ, ಮಂಜೂರು, ರಸೀದಿ ಎಲ್ಲವೂ ಪಾರಸಿ-ಅರಬ್ಬಿ ಕಡೆಯಿಂದ ಬಂದ ಮಾತುಗಳೇ. ಅವು ಈಗ ನಮ್ಮವಾಗಿವೆ, ಯಾಕಂದ್ರೆ ನಮ್ಮ ಅಜ್ಜಂದಿರು ಕಚೇರಿ ಬಾಗಿಲಲ್ಲಿ ನಿಂತು ನಿಂತು ಕಲಿತರು. ಈಗಿನ ಕಚೇರಿಯ ಮಾತು ಇಂಗ್ಲಿಷು: ಫ್ರೀಶಿಪ್, ರಿನ್ಯೂವಲ್, ರಿಎಂಬರ್ಸ್‌ಮೆಂಟ್, ಜಿಎಂ. ಇವನ್ನೂ ನಾವು ಕಲಿಯಲೇಬೇಕು.

ಅಕ್ಕನ ಪ್ರಶ್ನೆಗೆ ಬರ್ತೀನಿ. 1913ರಲ್ಲಿ ಬಾಬಾಸಾಹೇಬರು ಕೊಲಂಬಿಯಾಕ್ಕೆ ಹೋಗಿದ್ದು ಬರೋಡದ ಸಯಾಜಿರಾವ್ ಮಹಾರಾಜರು ಕೊಟ್ಟ ವಿದ್ಯಾರ್ಥಿವೇತನದ ಮೇಲೆ. ತಿಂಗಳಿಗೆ ಹನ್ನೊಂದೂವರೆ ಪೌಂಡು, ಮೂರು ವರ್ಷ. ಅದು ಸಾಲವಲ್ಲ, ಆದರೆ ಕರಾರಿತ್ತು: ಓದು ಮುಗಿಸಿ ಬಂದು ಹತ್ತು ವರ್ಷ ಬರೋಡ ಸಂಸ್ಥಾನದ ಸೇವೆ ಮಾಡಬೇಕು. 1917ರಲ್ಲಿ ಕರಾರಿನಂತೆ ಬರೋಡಕ್ಕೆ ಹೋದರೆ, ಅಷ್ಟು ಓದಿದ ಮನುಷ್ಯನಿಗೆ ಆ ಊರಿನಲ್ಲಿ ಇರೋದಕ್ಕೆ ಮನೆ ಸಿಗಲಿಲ್ಲ. ರಾಜನ ಔದಾರ್ಯ ದೊಡ್ಡದೇ. ಆದರೆ ಔದಾರ್ಯ ಒಬ್ಬರಿಗೆ ಸಿಗುತ್ತೆ, ಕೇರಿಗೆಲ್ಲ ಸಿಗೋದಿಲ್ಲ.

ಬಾಬಾಸಾಹೇಬರು ಇದನ್ನು ಮರೆಯಲಿಲ್ಲ. 1942ರಲ್ಲಿ ವೈಸ್‌ರಾಯ್ ಕಾರ್ಯಕಾರಿ ಮಂಡಳಿ ಸೇರಿದ ಕೂಡಲೇ ಪರಿಶಿಷ್ಟ ಜಾತಿಗಳ ಕುಂದುಕೊರತೆ ಬಗ್ಗೆ ಮನವಿಪತ್ರ ಕೊಟ್ಟರು. ಅದರಲ್ಲಿ ಉನ್ನತ ಶಿಕ್ಷಣಕ್ಕೆ ಸರ್ಕಾರದ ಹಣ ಬೇಕು ಅನ್ನೋದು ಮುಖ್ಯ ಬೇಡಿಕೆ. ವರ್ಷಕ್ಕೆ ಮೂರು ಲಕ್ಷ ರೂಪಾಯಿ ಮಂಜೂರಾಯಿತು. 1944ರಲ್ಲಿ ಶುರುವಾದ ಆ ಯೋಜನೆಯೇ ಇವತ್ತಿನ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್. ಸ್ವಾತಂತ್ರ್ಯಕ್ಕಿಂತ ಹಳೇದು, ಸಂವಿಧಾನಕ್ಕಿಂತ ಹಳೇದು. ರಾಜನ ದಯೆ ಸರ್ಕಾರದ ಬಾಕಿ ಆಯಿತು. ಅಕ್ಕ, ಇಲ್ಲಿ ಸಾಲಗಾರ ನೀನಲ್ಲ.

ಇನ್ನು ಸೀಟಿನ ಮಾತು. ಎಲ್ಲರ ಬಾಯಲ್ಲೂ ಇರೋ "ಶೇ. 50 ಮಿತಿ" ಹುಟ್ಟಿದ್ದು ನಮ್ಮ ರಾಜ್ಯದ ಕಾಲೇಜು ಪ್ರವೇಶದ ಕೇಸಿನಲ್ಲೇ. 1962ರ ಜುಲೈನಲ್ಲಿ ಮೈಸೂರು ಸರ್ಕಾರ ಮೆಡಿಕಲ್, ಎಂಜಿನಿಯರಿಂಗ್ ಸೀಟುಗಳಲ್ಲಿ ಹಿಂದುಳಿದವರಿಗೆ 28, ಹೆಚ್ಚು ಹಿಂದುಳಿದವರಿಗೆ 22, ಎಸ್‌ಸಿಗೆ 15, ಎಸ್‌ಟಿಗೆ 3, ಒಟ್ಟು ಶೇ. 68 ಮೀಸಲಿಟ್ಟಿತು. ಅದೇ ಸೆಪ್ಟೆಂಬರ್‌ನಲ್ಲಿ ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ಆದೇಶ ರದ್ದು ಮಾಡಿ, ಮೀಸಲಾತಿ ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆ ಇರಬೇಕು ಅಂದಿತು. 2022ರಲ್ಲಿ ರಾಜ್ಯ ಸರ್ಕಾರ ಎಸ್‌ಸಿ 17, ಎಸ್‌ಟಿ 7 ಮಾಡಿದಾಗ ಎದ್ದ ವಾದದ ಬೇರು ಅಲ್ಲಿದೆ.

ಆಮೇಲೆ ಬಂದದ್ದು ದುಡ್ಡಿನ ಮೀಸಲಾತಿ. ಅದಕ್ಕೆ ಯಾರೂ ಮಿತಿ ಕೇಳಲಿಲ್ಲ. ಕ್ಯಾಪಿಟೇಶನ್ ನಿಷೇಧಿಸುವ ಕಾನೂನು 1984ರಲ್ಲೇ ಬಂತು. ಆದರೂ 1992ರ ಮೋಹಿನಿ ಜೈನ್ ಪ್ರಕರಣದ ಹೊತ್ತಿಗೆ ಖಾಸಗಿ ಮೆಡಿಕಲ್ ಕಾಲೇಜಿನಲ್ಲಿ ವರ್ಷದ ಫೀಸು ಸರ್ಕಾರಿ ಸೀಟಿಗೆ 2,000, ರಾಜ್ಯದ ಉಳಿದವರಿಗೆ 25,000, ಹೊರರಾಜ್ಯದವರಿಗೆ 60,000 ರೂಪಾಯಿ. ಒಂದೇ ಬೆಂಚು, ಮೂರು ರೇಟು. 1994ರಲ್ಲಿ ಸಿಇಟಿ ವ್ಯವಸ್ಥೆ ಬಂದ ಮೇಲೆ ರ್‍ಯಾಂಕ್ ನೋಡಿ ಸೀಟು ಹಂಚೋದು ಬಯಲಿಗೆ ಬಂತು.

ಈಗ ನಮ್ಮ ಮಕ್ಕಳು ಎಡವೋ ಮಾತುಗಳನ್ನ ಬಿಡಿಸ್ತೀನಿ.

ಜಿಎಂ: ಜನರಲ್ ಮೆರಿಟ್. ಇದು ಮೇಲ್ಜಾತಿ ಕೋಟಾ ಅಲ್ಲ, ಎಲ್ಲರಿಗೂ ತೆರೆದ ಸೀಟು. ರ್‍ಯಾಂಕ್ ಬಂದ ಎಸ್‌ಸಿ ಹುಡುಗಿಗೂ ಅದು ಸಿಗುತ್ತೆ. "ನಿಮ್ಮದು ಬೇರೆ ಲಿಸ್ಟು" ಅಂದ್ರೆ ಒಪ್ಪಬೇಡಿ.

ಎಸ್‌ಸಿಜಿ, ಎಸ್‌ಸಿಆರ್, ಎಸ್‌ಸಿಕೆ: ಎಸ್‌ಸಿ ಒಳಗೆ ಸಾಮಾನ್ಯ, ಗ್ರಾಮೀಣ, ಕನ್ನಡ ಮಾಧ್ಯಮ. ಹಳ್ಳಿ ಶಾಲೆಯಲ್ಲಿ ಕನ್ನಡದಲ್ಲಿ ಓದಿಯೂ ಆ ಸರ್ಟಿಫಿಕೇಟು ಹಚ್ಚದೆ ಸೀಟು ಕಳ್ಕೊಂಡವರನ್ನ ನಾನು ನೋಡೀನಿ.

371(ಜೆ): 2012ರ 98ನೇ ತಿದ್ದುಪಡಿಯಿಂದ ಬಂದದ್ದು. ನಮ್ಮ ಭಾಗದ ಕಾಲೇಜುಗಳಲ್ಲಿ ಶೇ. 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8 ಸೀಟು ಕಲ್ಯಾಣ ಕರ್ನಾಟಕದವರಿಗೆ. ಜಾತಿ ಪ್ರಮಾಣಪತ್ರ ಇದ್ದರೆ ಇದು ಬೇಡ ಅನ್ಕೋಬೇಡಿ, ಎರಡೂ ಬೇಕು. ಇದನ್ನ ಕೊಡೋದು ಅಸಿಸ್ಟೆಂಟ್ ಕಮಿಷನರ್, ನಮಗೆ ಲಿಂಗಸುಗೂರಿನಲ್ಲಿ.

ಆರ್‌ಡಿ ನಂಬರ್: ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರದ ಮೇಲಿರೋ ನಂಬರು. ಇದಿಲ್ಲದೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಮುಂದೆ ಹೋಗಲ್ಲ.

ರಿಎಂಬರ್ಸ್‌ಮೆಂಟ್: ಮೊದಲು ನೀನು ಕಟ್ಟು, ಆಮೇಲೆ ಕೊಡ್ತೀವಿ ಅನ್ನೋದು. ಬಡವರಿಗೆ ಇದೇ ಉರುಳು. ಕಟ್ಟೋಕೆ ಬಡ್ಡಿ ಸಾಲ ತರ್ತಾರೆ. ಹಂಗಾಗಿ ಅಕ್ಕ ಕೇಳಿದ್ದು ಒಂದರ್ಥದಲ್ಲಿ ಖರೆ ಆಗುತ್ತೆ.

ಫ್ರೀಶಿಪ್ ಕಾರ್ಡ್: ಆ ಉರುಳಿಗೆ ಕತ್ತರಿ. ಕೇಂದ್ರದ 2021ರ ಮಾರ್ಗಸೂಚಿ ಪ್ರಕಾರ ಕುಟುಂಬದ ಆದಾಯ ಎರಡೂವರೆ ಲಕ್ಷದ ಒಳಗಿದ್ದ ಎಸ್‌ಸಿ ವಿದ್ಯಾರ್ಥಿ ಇದನ್ನ ತೋರಿಸಿ ಮುಂಗಡ ಫೀಸು ಕಟ್ಟದೆ ಸೇರಬಹುದು. ಸ್ಕಾಲರ್‌ಶಿಪ್ ಖಾತೆಗೆ ಬಂದ ಮೇಲೆ ಕಾಲೇಜಿಗೆ ಕಟ್ಟಬೇಕು. ಆ ದುಡ್ಡನ್ನ ಮನೆ ಖರ್ಚಿಗೆ ಬಳಸಬಾರದು.

ಇಷ್ಟೆಲ್ಲ ಯಾಕೆ ಬರೆದೆ ಅಂದ್ರೆ, ನಾನೂ ಒಂದು ಮಾತಿಗೆ ಸೋತವನು. ಬಿಎ ಎರಡನೇ ವರ್ಷದಲ್ಲಿ ನೋಟಿಸ್ ಬೋರ್ಡಿಗೆ "ರಿನ್ಯೂವಲ್ ಫಾರಂ ಕೊಡಿ" ಅಂತ ಹಾಕಿದ್ದರು. ಮೊದಲ ವರ್ಷ ಕೊಟ್ಟೀನಲ್ಲ, ಅದು ಬೇರೆಯವರಿಗೆ ಅಂದ್ಕೊಂಡೆ. ಪ್ರತಿ ವರ್ಷ ಕೊಡಬೇಕು ಅಂತ ಯಾರೂ ಹೇಳಲಿಲ್ಲ. ಆ ವರ್ಷದ ದುಡ್ಡು ಹೋಯ್ತು, ಅವ್ವನ ಕಿವಿಯ ಬೆಂಡೋಲಿಯೂ ಹೋಯ್ತು. ಇವತ್ತು ಗುಮಾಸ್ತನಾಗಿ ದಿನಾ ಫೈಲು ಹಿಡಿಯೋನು ನಾನು. ಒಂದು ಮಾತು ತಿಳಿಯದಿದ್ದರೆ ಹಕ್ಕು ಹೆಂಗ ಕೈ ತಪ್ಪುತ್ತೆ ಅಂತ ಟೇಬಲ್ಲಿನ ಎರಡೂ ಕಡೆಯಿಂದ ನೋಡೀನಿ.

ಓದಿದ ತಮ್ಮ-ತಂಗಿಯರೇ, ನಿಮ್ಮ ಓಣಿಯಲ್ಲಿ ಈ ವರ್ಷ ಪಿಯುಸಿ ಮುಗಿಸಿದವರು ಎಷ್ಟು ಜನ, ಪಟ್ಟಿ ಮಾಡಿ. ಒಂದು ಸಂಜೆ ಕೂಡಿಸಿ. ಅವರ ಅವ್ವಂದಿರನ್ನೂ ಕರೀರಿ, ಫೀಸು ಹೊಂದಿಸೋರು ಅವರೇ. ಕಾಲೇಜು ದುಡ್ಡು ಕೇಳಿದರೆ ಲಿಖಿತದಲ್ಲಿ ಕೇಳಿ ಅನ್ನಿ. ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಇಟ್ಕೊಳ್ಳಿ.

ಆ ಅಕ್ಕ ಹೋಗುವಾಗ ಮಗನಿಗೆ ಹೇಳಿದರು: "ಸಾಲ ಅಲ್ಲಂತಲೇ, ಇನ್ನ ತಲಿ ಎತ್ತಿ ಕೇಳು."

ಜೈ ಭೀಮ್.