ಪರವಾನಗಿಯ ಊರು: ಒಹಾಯೊದ ಒಂದು ರಾಕ್ ಬಾನುಲಿಯ ಅವಸಾನ ಕುರಿತು ಮರುವಿಚಾರ

ಅಮೆರಿಕದ ಸ್ಥಳೀಯ ಬಾನುಲಿ ಏಕೆ ಸೊರಗಿತು ಎಂಬ ಪ್ರಶ್ನೆಗೆ ಒಂದು ಉತ್ತರ ಬಹುಮಟ್ಟಿಗೆ ನೆಲೆಯೂರಿದೆ. 1996ರ ದೂರಸಂಪರ್ಕ ಕಾಯ್ದೆ ಒಬ್ಬ ಒಡೆಯ ದೇಶದಾದ್ಯಂತ ಎಷ್ಟು ಕೇಂದ್ರಗಳನ್ನು ಹೊಂದಬಹುದೆಂಬ ಮಿತಿಯನ್ನು ತೆಗೆಯಿತು. ಕೆಲವೇ ವರ್ಷಗಳಲ್ಲಿ ಕ್ಲಿಯರ್ ಚಾನೆಲ್ ಕಂಪನಿಯೊಂದೇ ಸುಮಾರು 1,200 ಕೇಂದ್ರಗಳನ್ನು ತನ್ನದಾಗಿಸಿಕೊಂಡಿತು. ಎರಿಕ್ ಕ್ಲಿನೆನ್‌ಬರ್ಗ್ ಅವರ 'ಫೈಟಿಂಗ್ ಫಾರ್ ಏರ್' (2007) ಈ ವಾದದ ಪ್ರಬಲ ನಿರೂಪಣೆ. ಅದನ್ನು ಒಟ್ಟಾರೆಯಾಗಿ ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಒಹಾಯೊ ರಾಜ್ಯದ ಆಕ್ಸ್‌ಫರ್ಡ್ ಎಂಬ ಸಣ್ಣ ಊರಿನಿಂದ 97.7 ಮೆಗಾಹರ್ಟ್ಸ್‌ನಲ್ಲಿ ಪ್ರಸಾರವಾಗುತ್ತಿದ್ದ ಡಬ್ಲ್ಯುಒಎಕ್ಸ್‌ವೈ ಕೇಂದ್ರಕ್ಕೆ ಮಾತ್ರ ಅದು ಹೊಂದುವುದಿಲ್ಲ.

ಕೇಂದ್ರದ ಚರಿತ್ರೆ ಸಂಗೀತಾಸಕ್ತರಿಗೆ ಗೊತ್ತಿರುವುದೇ. ಡಗ್ ಮತ್ತು ಲಿಂಡಾ ಬಲೋ ದಂಪತಿಯ ಒಡೆತನದಲ್ಲಿ 1983ರಲ್ಲಿ ಅದು ಆಧುನಿಕ ರಾಕ್‌ಗೆ ಹೊರಳಿತು. ಬಿಲ್‌ಬೋರ್ಡ್ ಪತ್ರಿಕೆ ಆ ಪ್ರಕಾರಕ್ಕೆಂದೇ ಪಟ್ಟಿ ಆರಂಭಿಸಿದ್ದು ಐದು ವರ್ಷ ತಡವಾಗಿ, 1988ರಲ್ಲಿ. ಅದೇ ವರ್ಷ ತೆರೆಕಂಡ 'ರೇನ್ ಮ್ಯಾನ್' ಚಿತ್ರದಲ್ಲಿ ಡಸ್ಟಿನ್ ಹಾಫ್‌ಮನ್‌ನ ಪಾತ್ರ ಈ ಕೇಂದ್ರದ ಘೋಷವಾಕ್ಯವನ್ನು ಬಿಡದೆ ಜಪಿಸುತ್ತದೆ. ಮಯಾಮಿ ವಿಶ್ವವಿದ್ಯಾಲಯ ಆಕ್ಸ್‌ಫರ್ಡ್‌ನಲ್ಲಿರುವುದರಿಂದ ಇದನ್ನು ಕಾಲೇಜು ಬಾನುಲಿಯೆಂದು ತಿಳಿದವರುಂಟು. ಅದು ತಪ್ಪು. ವಿಶ್ವವಿದ್ಯಾಲಯಕ್ಕೆ ತನ್ನದೇ ಬೇರೆ ಕೇಂದ್ರವಿತ್ತು. ಇದು ಜಾಹೀರಾತಿನ ಮೇಲೆ ಬದುಕಿದ ವ್ಯಾಪಾರಿ ಕೇಂದ್ರ.

2004ರಲ್ಲಿ ಡಲ್ಲಾಸ್‌ನ ಫಸ್ಟ್ ಬ್ರಾಡ್‌ಕಾಸ್ಟಿಂಗ್ ಸಂಸ್ಥೆ ಪರವಾನಗಿಯನ್ನು ಸುಮಾರು 56 ಲಕ್ಷ ಡಾಲರಿಗೆ ಕೊಂಡಿತು. ಇಲ್ಲಿಂದ ಮುಂದಿನದೇ ವಿವಾದದ ವಿಷಯ. ಒಡೆತನದ ಕೇಂದ್ರೀಕರಣವೇ ಕಾರಣವಾಗಿದ್ದರೆ, ಕಾಯ್ದೆ ಬಂದ ಮೇಲೂ ಎಂಟು ವರ್ಷ ಒಂದೇ ಕುಟುಂಬದ ಕೈಯಲ್ಲಿ ಅದು ಉಳಿದದ್ದು ಹೇಗೆ? ಕೊಂಡವರು ಇಂಥ ಕೇಂದ್ರಗಳನ್ನು ಒಟ್ಟುಗೂಡಿಸಿ ಒಂದೇ ಕಾರ್ಯಕ್ರಮ ಬಿತ್ತರಿಸುವವರಲ್ಲ, ಪರವಾನಗಿಯನ್ನು ದೊಡ್ಡ ನಗರದತ್ತ ಸರಿಸಿ ಬೆಲೆ ಹೆಚ್ಚಿಸುವುದರಲ್ಲಿ ಹೆಸರಾದವರು. ಅಮೆರಿಕದಲ್ಲಿ ಪ್ರತಿ ಪರವಾನಗಿಯೂ ಒಂದು ಊರಿನ ಹೆಸರಿಗೆ ಅಂಟಿರುತ್ತದೆ. ಆ ಊರನ್ನು ಬದಲಿಸುವ ದಾರಿಯನ್ನು ಬಾನುಲಿ ನಿಯಂತ್ರಕ ಸಂಸ್ಥೆಯಾದ ಎಫ್‌ಸಿಸಿ 1989ರಲ್ಲಿ ಸುಗಮಗೊಳಿಸಿತ್ತು, ಅಂದರೆ 1996ರ ಕಾಯ್ದೆಗೂ ಏಳು ವರ್ಷ ಮೊದಲು.

97.7ರ ಪರವಾನಗಿ ಮುಂದೆ ಮೇಸನ್ ಎಂಬ ಊರಿಗೆ ಹೋಯಿತು. 2000ದ ಜನಗಣತಿಯಲ್ಲಿ ಆಕ್ಸ್‌ಫರ್ಡ್‌ಗೂ ಮೇಸನ್‌ಗೂ ಇದ್ದದ್ದು ಹೆಚ್ಚುಕಡಿಮೆ ಒಂದೇ ಜನಸಂಖ್ಯೆ, ತಲಾ ಸುಮಾರು 22 ಸಾವಿರ. ಹಾಗಾಗಿ ದೊಡ್ಡ ಊರು ಸಣ್ಣದನ್ನು ನುಂಗಿತೆನ್ನುವಂತಿಲ್ಲ. ವ್ಯತ್ಯಾಸ ನಕ್ಷೆಯಲ್ಲಿದೆ. ಆಕ್ಸ್‌ಫರ್ಡ್‌ನಿಂದ ಹತ್ತಿರದ ದೊಡ್ಡ ನಗರವಾದ ಸಿನ್ಸಿನಾಟಿಗೆ ರಸ್ತೆಯಲ್ಲಿ 50 ಕಿ.ಮೀ.ಗೂ ಹೆಚ್ಚು, ಇದರಂಥ 'ಎ' ವರ್ಗದ ಎಫ್‌ಎಂ ಕೇಂದ್ರದ ಖಚಿತ ವ್ಯಾಪ್ತಿ 24ರಿಂದ 28 ಕಿ.ಮೀ. ಮೇಸನ್ನೋ ಸಿನ್ಸಿನಾಟಿಯ ಉಪನಗರವೇ.

ಆದ್ದರಿಂದ ನನ್ನ ವಾದವಿಷ್ಟು: ಈ ಕೇಂದ್ರವನ್ನು ಮುಗಿಸಿದ್ದು ಅದರ ಸೋಲಲ್ಲ, ಅದರ ಪರವಾನಗಿ ನಿಂತಿದ್ದ ಜಾಗ. ನಗರದಿಂದ ದೂರವಿದ್ದುದರಿಂದಲೇ ನಗರದ ಕೇಂದ್ರಗಳು ಮುಟ್ಟದ ಹಾಡುಗಳನ್ನು ಹಾಕುವ ಧೈರ್ಯ ಅದಕ್ಕೆ ದಕ್ಕಿತು. ಸರಿಸಬಹುದಾದಷ್ಟು ಹತ್ತಿರವಿದ್ದುದರಿಂದ ಕೊಳ್ಳುವವರು ಬಂದರು. ಈ ವಾದವನ್ನು ಎಷ್ಟು ದೂರ ಎಳೆಯಬಹುದೆಂಬುದಕ್ಕೆ ಮಿತಿಯಿದೆ. ಕೇಂದ್ರೀಕರಣದಿಂದ ನಗರದ ಪರವಾನಗಿಗಳ ಬೆಲೆ ಏರಿರದಿದ್ದರೆ ಸರಿಸುವ ವ್ಯಾಪಾರ ಇಷ್ಟು ಲಾಭದಾಯಕವಾಗುತ್ತಿರಲಿಲ್ಲ ಎಂದು ಕ್ಲಿನೆನ್‌ಬರ್ಗ್ ಪಕ್ಷದವರು ಹೇಳಿದರೆ ಒಪ್ಪಲೇಬೇಕು. ಮಾರುವ ನಿರ್ಧಾರ ಕೊನೆಗೂ ಒಡೆಯರದೇ ಎಂಬುದನ್ನೂ ನಕ್ಷೆ ಮರೆಮಾಡಲಾರದು. ಕಾಯ್ದೆ ಇಲ್ಲಿ ಪರೋಕ್ಷ ಕಾರಣ, ಜಾಗ ನೇರ ಕಾರಣ ಎಂಬಷ್ಟಕ್ಕೆ ನಾನು ನಿಲ್ಲುತ್ತೇನೆ.

ಅಂತರ್ಜಾಲವು ಕೇಂದ್ರವನ್ನು ಉಳಿಸಿತೆಂಬ ಜನಪ್ರಿಯ ಕಥೆಗೆ ಹೆಚ್ಚು ಜಾಗ ಬೇಡ. 2004ರ ಮೇ ತಿಂಗಳಲ್ಲಿ ಎಫ್‌ಎಂ ಪ್ರಸಾರ ನಿಂತಿತು. ಜುಲೈ ಹೊತ್ತಿಗೆ ಹೂಡಿಕೆದಾರರ ನೆರವಿನಿಂದ ಅಂತರ್ಜಾಲದಲ್ಲಿ ಪ್ರಸಾರ ಮತ್ತೆ ಶುರುವಾಯಿತು. 2006ರಲ್ಲಿ ಮುಚ್ಚಿ, ಲಾಲಾ ಎಂಬ ಅಂತರ್ಜಾಲ ಸಂಗೀತ ಕಂಪನಿಯ ಕೈಗೆ ಹೋಗಿ, 2009ರಲ್ಲಿ ಟೆಕ್ಸಸ್‌ನ ಆಸ್ಟಿನ್‌ಗೆ ವಲಸೆ ಹೋಗಿ, 2010ರ ಮಾರ್ಚ್‌ನಲ್ಲಿ ಅದೂ ನಿಂತಿತು. ತರಂಗದ ಮೇಲೆ ಎರಡು ದಶಕ ಬಾಳಿದ ರಾಕ್ ಕೇಂದ್ರ ಅದನ್ನು ಬಿಟ್ಟ ಮೇಲೆ ಆರು ವರ್ಷವೂ ಬಾಳಲಿಲ್ಲ.

ನನ್ನ ವಾದಕ್ಕೆ ಎದುರಾಗುವ ಗಟ್ಟಿ ಉದಾಹರಣೆ ವರ್ಮಾಂಟ್‌ನ ಮ್ಯಾಂಚೆಸ್ಟರ್‌ನಲ್ಲಿದೆ. ಅಲ್ಲಿನ ಡಬ್ಲ್ಯುಇಕ್ಯುಎಕ್ಸ್ ಕೇಂದ್ರವೂ 1984ರಿಂದ ಸಣ್ಣ ಊರಿನಿಂದ ರಾಕ್ ಸಂಗೀತ ಬಿತ್ತರಿಸಿದೆ, ಅದಕ್ಕೂ ದೂರದ ನಗರವೊಂದರಲ್ಲಿ, ನ್ಯೂಯಾರ್ಕ್ ರಾಜ್ಯದ ಆಲ್ಬನಿಯಲ್ಲಿ, ಕೇಳುಗರಿದ್ದಾರೆ. ಆದರೂ ಅದು ಉಳಿಯಿತು. ಅದರ ಪ್ರಸರಣ ಗೋಪುರ 1,170 ಮೀಟರ್ ಎತ್ತರದ ಈಕ್ವಿನಾಕ್ಸ್ ಬೆಟ್ಟದ ಮೇಲಿದೆ. ಬೆಟ್ಟವೇ ನಗರವನ್ನು ಮುಟ್ಟಿಸುವಾಗ ಪರವಾನಗಿಯನ್ನು ಸರಿಸಿ ಗಳಿಸುವುದು ಕಡಿಮೆ ಎಂದು ನಾನು ಊಹಿಸುತ್ತೇನೆ. ಆದರೆ ಕೇಂದ್ರ ಸ್ಥಾಪಕರ ಕುಟುಂಬದ ಕೈಯಲ್ಲೇ ಮುಂದುವರಿದದ್ದೂ ಅಷ್ಟೇ ದೊಡ್ಡ ಕಾರಣವಿರಬಹುದು. ಬೆಟ್ಟವೋ ಕುಟುಂಬವೋ ಎಂಬುದನ್ನು ಎರಡೇ ಉದಾಹರಣೆಗಳಿಂದ ತೀರ್ಮಾನಿಸಲಾಗದು. ನಗರದ ಅಂಚಿನ ಬಯಲಿನಲ್ಲಿದ್ದೂ ಕುಟುಂಬದ ಕೈಯಲ್ಲಿ ಉಳಿದ ಮೂರನೆಯ ಕೇಂದ್ರವೊಂದರ ದಾಖಲೆ ಸಿಕ್ಕರೆ ಈ ವಾದವನ್ನು ಒರೆಗೆ ಹಚ್ಚಬಹುದು.